ಗಬ್ಬದ ಹಸುವಿನಲ್ಲಿ ಹದಿನಾರನೆಯ ದಿನ

“ಮೂರು ಸಲ ಇಂಜೆಕ್ಷನ್ ಹಾಕಿಸಿದ್ದಾಯಿತು, ಗಬ್ಬ ನಿಲ್ಲಲಿಲ್ಲ. ಹಸುವೇ ಸರಿಯಿಲ್ಲ, ಮಾರಿಬಿಡುವುದೇ ವಾಸಿ.” ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಹಾಲಿನ ಡೇರಿಗಳ ಮುಂದೆ ಬೆಳಗಿನ ಹೊತ್ತು ನಿಂತರೆ ಇಂಥ ಮಾತು ಕಿವಿಗೆ ಬೀಳುತ್ತದೆ. ಒಂದು ಬೆದೆ ತಪ್ಪಿದರೆ ಇಪ್ಪತ್ತೊಂದು ದಿನ ಹಿಂದೆ ಬಿದ್ದಂತೆ. ಮೂರು ಬೆದೆ ತಪ್ಪಿದರೆ ಎರಡು ತಿಂಗಳ ಹಿಂಡಿ, ಬೂಸಾ, ಮೇವು ಎಲ್ಲವೂ ಕೈಯಿಂದಲೇ ಹೋಗುತ್ತದೆ. ಬೇಸತ್ತ ರೈತರು ಒಳ್ಳೆಯ ತಳಿಯ ಹಸುವನ್ನು ಸಿಕ್ಕ ಬೆಲೆಗೆ ದಾಟಿಸಿಬಿಡುವುದೂ ಉಂಟು.

ಆದರೆ ಹೀಗೆ ಕೈಬಿಟ್ಟ ಹಸುಗಳಲ್ಲಿ ಎಷ್ಟೋ ಹಸುಗಳು ಗೊಡ್ಡಲ್ಲ. ಅವುಗಳ ಹೊಟ್ಟೆಯಲ್ಲಿ ಗರ್ಭ ಕಟ್ಟಿರುತ್ತದೆ. ಒಂದೆರಡು ವಾರವಿದ್ದು, ಯಾರ ಕಣ್ಣಿಗೂ ಬೀಳದೆ ಕರಗಿಹೋಗಿರುತ್ತದೆ. ಹೊರದೇಶಗಳಲ್ಲಿ ಚೆನ್ನಾಗಿ ಸಾಕಿದ ಹಿಂಡುಗಳಲ್ಲಿ ಮಾಡಿದ ಲೆಕ್ಕದಂತೆ, ಸರಿಯಾದ ಸಮಯಕ್ಕೆ ವೀರ್ಯ ಹಾಕಿಸಿದ 100 ಹಸುಗಳಲ್ಲಿ ಸುಮಾರು 90ರಲ್ಲಿ ಗರ್ಭ ಕಟ್ಟುತ್ತದೆ. ಆದರೆ ಕರು ಹಾಕುವವು 55ರ ಆಸುಪಾಸು ಮಾತ್ರ. ನಡುವೆ ಕಳೆದುಹೋದ ಗರ್ಭಗಳಲ್ಲಿ ಹೆಚ್ಚಿನವು ಮೊದಲ ಮೂರು ವಾರದೊಳಗೇ ಹೋಗಿರುತ್ತವೆ. ಅಂದಮೇಲೆ ಆ ಮೂರು ವಾರದಲ್ಲಿ ಹಸುವಿನ ಗರ್ಭಕೋಶದೊಳಗೆ ಏನು ನಡೆಯುತ್ತದೆ ಎಂಬುದನ್ನು ಹಸು ಸಾಕುವವರು ತಿಳಿದಿರಬೇಕಾಗುತ್ತದೆ.

ಅರ್ಧ ಮನೆಯದು, ಅರ್ಧ ಹೊರಗಿನದು

ಮೊದಲು ಒಂದು ವಿಚಿತ್ರವನ್ನು ಗಮನಿಸೋಣ. ಒಂದು ಹಸುವಿನ ಚರ್ಮದ ತುಂಡನ್ನು ಇನ್ನೊಂದು ಹಸುವಿನ ಮೈಗೆ ಹೊಲಿದರೆ ಅದು ಎರಡು ವಾರವೂ ಬಾಳುವುದಿಲ್ಲ, ಕಪ್ಪಾಗಿ ಒಣಗಿ ಉದುರಿಬೀಳುತ್ತದೆ. ಯಾವ ಪ್ರಾಣಿಯ ಮೈಯಲ್ಲೇ ಆಗಲಿ, ಪ್ರತಿಯೊಂದು ಜೀವಕಣದ ಮೇಲೂ ತನ್ನದೇ ಆದ ಗುರುತುಗಳಿರುತ್ತವೆ. ದನಕ್ಕೆ ಹಾಕುವ ಕಿವಿಯೋಲೆಯ ಹಾಗೆ ಇವು ಕೆಲಸ ಮಾಡುತ್ತವೆ ಎನ್ನಬಹುದು. ಈ ಗುರುತುಗಳನ್ನು ನಿರ್ಧರಿಸುವುದು ತಂದೆ ತಾಯಿಗಳಿಂದ ಬಂದ ವಂಶವಾಹಿಗಳು. ರಕ್ತದಲ್ಲಿರುವ ಬಿಳಿ ಕಣಗಳು ಹಗಲೂ ರಾತ್ರಿ ಈ ಗುರುತುಗಳನ್ನು ತಪಾಸಣೆ ಮಾಡುತ್ತಿರುತ್ತವೆ. ತಮ್ಮದಲ್ಲದ ಗುರುತು ಕಂಡರೆ ಅದನ್ನು ಕೊಲ್ಲುತ್ತವೆ. ರೋಗಾಣುಗಳಿಂದ ಹಸು ಉಳಿಯುವುದು ಈ ಕಾವಲಿನಿಂದಲೇ.

ಹೊಟ್ಟೆಯೊಳಗಿನ ಕರುವಿಗೆ ತಾಯಿಯಿಂದ ಬಂದ ಗುರುತು ಅರ್ಧ, ಹೋರಿಯಿಂದ ಬಂದದ್ದು ಅರ್ಧ. ನಾಡ ಹಸುವಿಗೆ ಹೋಲ್‌ಸ್ಟೀನ್ ಅಥವಾ ಜೆರ್ಸಿ ಹೋರಿಯ ವೀರ್ಯ ಹಾಕಿಸಿದರೂ ಅಷ್ಟೆ, ಹಳ್ಳಿಕಾರ್ ಹಸುವಿಗೆ ಹಳ್ಳಿಕಾರ್ ಹೋರಿಯನ್ನೇ ಕೂಡಿಸಿದರೂ ಅಷ್ಟೆ. ತಾಯಿಯ ಪಾಲಿಗೆ ಅದು ಅರ್ಧ ಪರಕೀಯ. ಆದರೂ ಸುಮಾರು 280 ದಿನ ಅದನ್ನು ಹೊತ್ತು ಸಾಕುತ್ತದೆ. ಇದು ಹೇಗೆ ಸಾಧ್ಯ ಎಂಬ ಪ್ರಶ್ನೆಯನ್ನು ಮೊದಲು ಸ್ಪಷ್ಟವಾಗಿ ಎತ್ತಿದವರು ಇಂಗ್ಲೆಂಡಿನ ಪೀಟರ್ ಮೆಡವರ್. ಅದು 1953ರಲ್ಲಿ. ಭ್ರೂಣವರ್ಗಾವಣೆಯಲ್ಲಿ ಈ ಸೋಜಿಗ ಇನ್ನೂ ಹೆಚ್ಚು. ಅಲ್ಲಿ ಅಂಡವೂ ಬೇರೆ ಹಸುವಿನದು, ವೀರ್ಯವೂ ಹೊರಗಿನದು, ಕರು ಪೂರ್ತಿ ಪರಕೀಯ. ಆದರೂ ಬಾಡಿಗೆ ತಾಯಿ ಅದನ್ನು ಹೊತ್ತು ಹೆರುತ್ತದೆ. ಇಂಥ ಮೊದಲ ಕರು 1951ರಲ್ಲಿಯೇ ಅಮೆರಿಕೆಯ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿತು.

ಜೋಡಿ ಕರುಗಳಿಂದ ತಿಳಿದದ್ದು

ಈ ವಿಷಯದಲ್ಲಿ ಲೋಕಕ್ಕೆ ಮೊದಲು ದಾರಿ ತೋರಿಸಿದ್ದು ದನಗಳೇ ಎಂಬುದು ರೈತರಿಗೆ ಸಂತೋಷದ ಸಂಗತಿ. 1945ರಲ್ಲಿ ಅಮೆರಿಕೆಯ ರೇ ಓವನ್ ಅವರು ಅವಳಿ ಕರುಗಳ ರಕ್ತ ಪರೀಕ್ಷಿಸಿದರು. ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳಾದರೂ ಒಂದೊಂದು ಕರುವಿನಲ್ಲಿ ಎರಡೂ ಕರುಗಳ ರಕ್ತಕಣಗಳು ಸೇರಿಕೊಂಡಿದ್ದವು. ದನದ ಅವಳಿಗಳ ಮಾಸು ಗರ್ಭಕೋಶದಲ್ಲಿ ಕೂಡಿಕೊಂಡು ರಕ್ತನಾಳಗಳು ಒಂದಾಗುವುದೇ ಇದಕ್ಕೆ ಕಾರಣ. ಬೆಳೆದು ದೊಡ್ಡವಾದ ಮೇಲೂ ಅವು ಒಂದರ ರಕ್ತಕಣವನ್ನು ಇನ್ನೊಂದು ಹೊರದೂಡಲಿಲ್ಲ. ಮೆಡವರ್ ಮತ್ತು ಸಂಗಡಿಗರು 1951ರಲ್ಲಿ ಅವಳಿ ದನಗಳ ನಡುವೆ ಚರ್ಮ ಕಸಿ ಮಾಡಿ ನೋಡಿದಾಗ ಕಸಿಯೂ ಉಳಿದುಕೊಂಡಿತು. ಮೈಯ ಕಾವಲು ಪಡೆ ಎಳವೆಯಲ್ಲಿ ಕಂಡ ಪರಕೀಯನನ್ನು ತನ್ನವನೆಂದೇ ಕಲಿತುಕೊಳ್ಳಬಲ್ಲದು ಎಂಬುದು ಹೀಗೆ ತಿಳಿಯಿತು. ಇದೇ ದಾರಿಯಲ್ಲಿ ಮುಂದುವರಿದ ಕೆಲಸಕ್ಕಾಗಿ ಮೆಡವರ್ ಅವರಿಗೆ 1960ರಲ್ಲಿ ಆಸ್ಟ್ರೇಲಿಯದ ಬರ್ನೆಟ್ ಅವರೊಂದಿಗೆ ನೊಬೆಲ್ ಬಹುಮಾನ ಬಂತು.

ಇದೇ ರಕ್ತದ ಬೆರಕೆ ರೈತನಿಗೆ ಇನ್ನೊಂದು ರೀತಿಯಲ್ಲಿ ಮುಖ್ಯ. ಹೋರಿಗರುವಿನೊಡನೆ ಅವಳಿಯಾಗಿ ಹುಟ್ಟಿದ ಹೆಣ್ಣುಗರುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಗೊಡ್ಡಾಗುತ್ತವೆ. ಹೋರಿಗರುವಿನಿಂದ ಬಂದ ರಸಗಳು ಹೆಣ್ಣುಗರುವಿನ ಗರ್ಭಕೋಶ ಬೆಳೆಯದಂತೆ ಮಾಡುತ್ತವೆ. ಇಂಥ ಕರುವನ್ನು ಗಬ್ಬಕ್ಕೆಂದು ಮೂರು ವರ್ಷ ಸಾಕುವ ಮೊದಲು ಪಶುವೈದ್ಯರಿಗೆ ತೋರಿಸುವುದು ಒಳ್ಳೆಯದು.

ಕರು ತನ್ನ ಇರವನ್ನು ಸಾರುವ ಬಗೆ

ನಿಮ್ಮ ಕೊಟ್ಟಿಗೆಯ ಹಸುವೊಂದು ಸೋಮವಾರ ಬೆಳಿಗ್ಗೆ ಬೆದೆಗೆ ಬಂದಿತೆಂದು ಇಟ್ಟುಕೊಳ್ಳಿ. ಸಂಜೆ ವೀರ್ಯ ಹಾಕಿಸಿದಿರಿ. ಮಂಗಳವಾರ ಅಂಡ ಬಿಡುಗಡೆಯಾಗಿ ಅಂಡನಾಳದಲ್ಲಿ ವೀರ್ಯಾಣುವಿನೊಡನೆ ಕೂಡಿತು. ಮೊದಲ ಮೂರು ನಾಲ್ಕು ದಿನ ಈ ಭ್ರೂಣಕ್ಕೆ ಸ್ವಂತ ಬದುಕಿಲ್ಲ. ತಾಯಿ ಅಂಡದೊಳಗೆ ಕಟ್ಟಿಕೊಟ್ಟ ಬುತ್ತಿಯಲ್ಲೇ ಅದು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತದೆ. ಎಂಟರಿಂದ ಹದಿನಾರು ಕಣವಾಗುವ ಹೊತ್ತಿಗೆ ಕರುವಿನ ಸ್ವಂತ ವಂಶವಾಹಿಗಳು ಎಚ್ಚೆತ್ತು ಕೆಲಸಕ್ಕೆ ತೊಡಗುತ್ತವೆ. ಹೋರಿಯ ಪಾಲು ಮಾತಾಡಲು ತೊಡಗುವುದೂ ಆಗಲೇ. ನಾಲ್ಕೈದನೆಯ ದಿನ ಭ್ರೂಣ ಗರ್ಭಕೋಶಕ್ಕೆ ಇಳಿಯುತ್ತದೆ. ಒಂಬತ್ತು ಹತ್ತನೆಯ ದಿನ ತನ್ನ ಸಿಪ್ಪೆ ಒಡೆದು ಹೊರಬರುತ್ತದೆ. ಆಮೇಲೆ ಒಂದು ವಾರ ಅದು ತಾಯಿಗೆ ಅಂಟಿಕೊಳ್ಳುವುದಿಲ್ಲ. ಗರ್ಭಕೋಶದ ರಸವನ್ನು ಹೀರುತ್ತ, ದಾರದಂತೆ ಉದ್ದವಾಗುತ್ತ ಹೋಗುತ್ತದೆ. ಸಾಸಿವೆ ಕಾಳಿಗಿಂತ ಎಷ್ಟೋ ಸಣ್ಣದಾಗಿದ್ದದ್ದು 18ನೆಯ ದಿನದ ಹೊತ್ತಿಗೆ ಸುಮಾರು ಗೇಣುದ್ದವಾಗಿರುತ್ತದೆ.

ಅತ್ತ ಅಂಡಾಶಯದಲ್ಲಿ, ಅಂಡ ಬಿಟ್ಟುಹೋದ ಜಾಗದಲ್ಲಿ ಒಂದು ಹಳದಿ ಗಂಟು ಬೆಳೆದಿರುತ್ತದೆ. ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಸುರಿಸುವುದು ಈ ಗಂಟೇ. ಗರ್ಭ ನಿಲ್ಲಲು ಈ ಹಾರ್ಮೋನು ಬೇಕೇಬೇಕು. ಆದರೆ ಗರ್ಭಕೋಶ ಲೆಕ್ಕದ ಮನುಷ್ಯನ ಹಾಗೆ. ಸುಮಾರು 16, 17ನೆಯ ದಿನದವರೆಗೆ ಕಾಯುತ್ತದೆ. ಒಳಗೆ ಯಾರೂ ಇಲ್ಲವೆಂದು ಕಂಡರೆ ಪ್ರೋಸ್ಟಾಗ್ಲಾಂಡಿನ್ ಎಂಬ ರಸವನ್ನು ಕಳಿಸಿ ಹಳದಿ ಗಂಟನ್ನು ಕರಗಿಸಿಬಿಡುತ್ತದೆ. ಹಸು 21ನೆಯ ದಿನದ ಸುಮಾರಿಗೆ ಮತ್ತೆ ಬೆದೆಗೆ ಬರುತ್ತದೆ.

ಆದ್ದರಿಂದ ಕರು ಆ ದಿನಕ್ಕೆ ಮೊದಲೇ ತಾನಿದ್ದೇನೆಂದು ತಾಯಿಗೆ ತಿಳಿಸಬೇಕು. ಕುರಿಯಲ್ಲಿ ಈ ಗಡುವು 12, 13ನೆಯ ದಿನ ಎಂಬುದನ್ನು ಕೇಂಬ್ರಿಜ್‌ನ ಮೂರ್ ಮತ್ತು ರೌಸನ್ 1966ರಲ್ಲಿ ತೋರಿಸಿದರು. ಕರು ಹೇಗೆ ಕೂಗಿ ಹೇಳುತ್ತದೆ ಎಂಬುದು ತಿಳಿದದ್ದು ಆಮೇಲೆ. ಭ್ರೂಣದ ಹೊರಪೊರೆ ಒಂದು ಪ್ರೋಟೀನನ್ನು ಒಸರುತ್ತದೆ. 1987ರಲ್ಲಿ ಅಮೆರಿಕೆಯ ವಿಜ್ಞಾನಿಗಳು ಕುರಿಯ ಭ್ರೂಣದಿಂದ ಬರುವ ಈ ಪ್ರೋಟೀನಿನ ರಚನೆಯನ್ನು ಬಿಡಿಸಿ ನೋಡಿದಾಗ ಎಲ್ಲರಿಗೂ ಆಶ್ಚರ್ಯವಾಯಿತು. ಅದು ಇಂಟರ್‌ಫೆರಾನ್ ಬಳಗಕ್ಕೆ ಸೇರಿದ್ದು! ಇಂಟರ್‌ಫೆರಾನ್ ಎಂದರೆ ವೈರಸ್ ರೋಗ ತಗುಲಿದಾಗ ಮೈಯ ಜೀವಕಣಗಳು ನೆರೆಹೊರೆಯ ಕಣಗಳನ್ನು ಎಚ್ಚರಿಸಲು ಬಿಡುವ ರಸ. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಅದನ್ನು ಕಂಡುಹಿಡಿದಿದ್ದರು. ಊರಿಗೆ ಬೆಂಕಿ ಬಿದ್ದಾಗ ಬಾರಿಸುವ ಗಂಟೆಯನ್ನೇ ಮದುವೆಯ ದಿಬ್ಬಣ ಬಂದಾಗಲೂ ಬಾರಿಸಿದಂತೆ ಇದು. ಈಗ ಇದಕ್ಕೆ ಇಂಟರ್‌ಫೆರಾನ್ ಟೌ ಎಂದು ಹೆಸರು. ಹಸು, ಎಮ್ಮೆ, ಕುರಿ, ಆಡುಗಳಂಥ ಮೆಲುಕು ಹಾಕುವ ಪ್ರಾಣಿಗಳಲ್ಲಿ ಮಾತ್ರ ಇದು ಈ ಕೆಲಸ ಮಾಡುತ್ತದೆ. ಹಂದಿ, ಕುದುರೆ, ಮನುಷ್ಯರ ದಾರಿಗಳು ಬೇರೆ.

ಈ ರಸ ಎರಡು ಕೆಲಸ ಮಾಡುತ್ತದೆ. ಗರ್ಭಕೋಶ ಪ್ರೋಸ್ಟಾಗ್ಲಾಂಡಿನ್ ಅಲೆಗಳನ್ನು ಕಳಿಸದಂತೆ ತಡೆದು ಹಳದಿ ಗಂಟನ್ನು ಉಳಿಸುತ್ತದೆ. ಜೊತೆಗೆ ತಾಯಿಯ ಬಿಳಿ ರಕ್ತಕಣಗಳನ್ನು ಎಬ್ಬಿಸಿ ಅವುಗಳ ನಡತೆಯನ್ನೇ ಬದಲಿಸುತ್ತದೆ. ವೈರಸ್ ಬಂದಾಗ ಎಚ್ಚರಗೊಳ್ಳುವ ಹಲವು ವಂಶವಾಹಿಗಳು ಆ ದಿನಗಳಲ್ಲಿ ಗರ್ಭಕೋಶದ ಒಳಪೊರೆಯಲ್ಲೂ ಎಚ್ಚರಗೊಂಡಿರುತ್ತವೆ. 18ರಿಂದ 20ನೆಯ ದಿನದ ಹೊತ್ತಿಗೆ ತಾಯಿಯ ಕೊರಳ ನರದಿಂದ ತೆಗೆದ ರಕ್ತದಲ್ಲೂ ಇದು ಕಾಣುತ್ತದೆ. ಗಬ್ಬ ನಿಂತಿದೆಯೇ ಎಂಬುದನ್ನು ಇದರಿಂದಲೇ ಬೇಗ ಪತ್ತೆ ಮಾಡಬಹುದೇ ಎಂದು ವಿಜ್ಞಾನಿಗಳು ಪ್ರಯತ್ನಿಸುತ್ತಿದ್ದಾರೆ. ರೈತರಿಗೆ ಸದ್ಯಕ್ಕೆ ಒದಗುವುದು 28ನೆಯ ದಿನದ ಮೇಲೆ ಮಾಡುವ ರಕ್ತ ಅಥವಾ ಹಾಲಿನ ಪರೀಕ್ಷೆ ಮತ್ತು ಸ್ಕ್ಯಾನಿಂಗ್. ಅವಿಲ್ಲದ ಕಡೆ ಎರಡು ತಿಂಗಳ ಹೊತ್ತಿಗೆ ಪಶುವೈದ್ಯರು ಕೈಹಾಕಿ ನೋಡಿ ಹೇಳುತ್ತಾರೆ.

ಕರುವಿನ ಕಡೆಯಿಂದಲೂ ಒಂದು ಜಾಣತನವಿದೆ. ತಾಯಿಯ ಮೈಗೆ ಸೋಕುವ ಹೊರಪೊರೆಯಲ್ಲಿ, ಮೊದಲ ತಿಂಗಳುಗಳಲ್ಲಿ, ಮೇಲೆ ಹೇಳಿದ ಗುರುತುಗಳನ್ನು ಅದು ತೋರಿಸುವುದೇ ಇಲ್ಲ. ಹೋರಿಯ ಓಲೆಯನ್ನು ಮುಚ್ಚಿಟ್ಟುಕೊಂಡಿರುತ್ತದೆ. ಇದು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ತದ್ರೂಪಿ ಕರುಗಳು ಸಾಕ್ಷಿ. ನಮ್ಮ ದೇಶದಲ್ಲಿ ಕರ್ನಾಲಿನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ 2009ರಲ್ಲಿ ತದ್ರೂಪಿ ಎಮ್ಮೆಗರು ಹುಟ್ಟಿದ ಸುದ್ದಿ ಅನೇಕರಿಗೆ ನೆನಪಿರಬಹುದು. ಇಂಥ ಗರ್ಭಗಳಲ್ಲಿ ಬಹುಪಾಲು ನಡುವೆಯೇ ನಿಂತುಹೋಗುತ್ತವೆ. ಹೊರದೇಶದಲ್ಲಿ ಹಸುವಿನ ತದ್ರೂಪಿ ಗರ್ಭಗಳನ್ನು ಪರೀಕ್ಷಿಸಿದಾಗ, ಕೆಲವು ಭ್ರೂಣಗಳ ಹೊರಪೊರೆಯಲ್ಲಿ ಗುರುತುಗಳು ಹೊತ್ತಿಗೆ ಮುಂಚೆಯೇ ಕಾಣಿಸಿಕೊಂಡು, ಆ ಜಾಗಕ್ಕೆ ತಾಯಿಯ ಬಿಳಿ ಕಣಗಳು ಮುತ್ತಿಕೊಂಡಿದ್ದುದು ಕಂಡುಬಂದಿತು.

ದಿನಾಂಕ ಬರೆದಿಟ್ಟರೆ

ಇಷ್ಟು ತಿಳಿದ ಮೇಲೆ ಒಂದು ಸಣ್ಣ ಲೆಕ್ಕದಿಂದ ಬಹಳ ಪ್ರಯೋಜನವಿದೆ. ವೀರ್ಯ ಹಾಕಿಸಿದ ಮೇಲೆ ಹಸು 18ರಿಂದ 24ನೆಯ ದಿನದೊಳಗೆ ಬೆದೆಗೆ ಬಂದರೆ, ಒಂದೋ ಗರ್ಭವೇ ಕಟ್ಟಲಿಲ್ಲ, ಇಲ್ಲವೇ ಕಟ್ಟಿದ ಭ್ರೂಣ ಹದಿನಾರನೆಯ ದಿನಕ್ಕೆ ಮೊದಲೇ ಸತ್ತಿತು ಅಥವಾ ಸೊರಗಿ ಕೂಗಲಾರದೆ ಹೋಯಿತು ಎಂದು ಅರ್ಥ. 25 ದಿನ ದಾಟಿ 28, 30, 34 ಎಂದು ಅಡ್ಡಾದಿಡ್ಡಿಯಾಗಿ ಬೆದೆಗೆ ಬಂದರೆ ಕಥೆ ಬೇರೆ. ಕರು ಕೂಗಿತ್ತು, ತಾಯಿ ಕೇಳಿಸಿಕೊಂಡಿತ್ತು, ಆಮೇಲೆ ಗರ್ಭ ಕಳೆದುಹೋಯಿತು. ಸುಮಾರು 42ನೆಯ ದಿನಕ್ಕೆ ಬಂದರೆ ನಡುವಿನ ಒಂದು ಬೆದೆಯನ್ನು ನೀವೇ ಗಮನಿಸಲಿಲ್ಲವೇನೋ ಎಂದು ಅನುಮಾನಿಸಬೇಕು. ಪಶುವೈದ್ಯರಿಗೆ ಈ ಮೂರರಲ್ಲಿ ಯಾವುದು ಎಂದು ತಿಳಿದರೆ ಚಿಕಿತ್ಸೆಯ ದಾರಿ ಅರ್ಧ ಸಿಕ್ಕಂತೆಯೇ. ಆದರೆ ‘ಹೋದ ತಿಂಗಳು ಯಾವಾಗಲೋ ಹಾಕಿಸಿದೆ’ ಎಂದರೆ ಅವರು ಏನು ಮಾಡಿಯಾರು?

ನಮ್ಮ ಕಡೆ ದಿನಾಂಕ ತಪ್ಪುವುದಕ್ಕೆ ಕಾರಣಗಳೂ ಊರಿಗೊಂದು ಬಗೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಮಳೆಗಾಲದಲ್ಲಿ ಹೊಗೆಸೊಪ್ಪು ಬೇಯಿಸುವ ಕೆಲಸ ಶುರುವಾದರೆ ಮನೆಯವರೆಲ್ಲ ಬ್ಯಾರನ್ ಮುಂದೆಯೇ. ರಾತ್ರಿಯಿಡೀ ಬೆಂಕಿ ಕಾಯುವವನಿಗೆ ಕೊಟ್ಟಿಗೆಯಲ್ಲಿ ಹಸು ಕೂಗಿದ್ದು ಕೇಳಿಸಿದರೂ ಮನಸ್ಸು ಅತ್ತ ಹೋಗುವುದಿಲ್ಲ. ಮಿಶ್ರತಳಿ ಹಸುಗಳು ರಾತ್ರಿ, ನಸುಕಿನಲ್ಲೇ ಬೆದೆಗೆ ಬರುವುದು ಹೆಚ್ಚು. ಕೆ.ಆರ್. ನಗರದ ನಾಲೆಯ ಬಯಲಿನಲ್ಲಿ ನಾಟಿಯ ದಿನಗಳಲ್ಲಿ ಹೆಂಗಸರು ಗದ್ದೆಯಲ್ಲಿರುತ್ತಾರೆ. ಬೆದೆಯನ್ನು ಮೊದಲು ಗುರುತಿಸುವವರು ಸಾಮಾನ್ಯವಾಗಿ ಅವರೇ ಆದ್ದರಿಂದ ಆ ಒಂದೆರಡು ವಾರ ಕೊಟ್ಟಿಗೆ ಕುರುಡಾಗುತ್ತದೆ. ಎಚ್.ಡಿ. ಕೋಟೆಯ ಕಾಡಂಚಿನ ಊರುಗಳಲ್ಲಿ ದನಗಳು ಹಗಲೆಲ್ಲ ಬಯಲಲ್ಲಿ ಮೇಯುತ್ತವೆ. ಊರ ಹೋರಿ ಹಾರಿದ್ದು ದನ ಕಾಯುವವನಿಗೆ ಮಾತ್ರ ಗೊತ್ತು, ಅವನೂ ಮನೆಗೆ ಬಂದು ಹೇಳುವುದಿಲ್ಲ. ಕೊಟ್ಟಿಗೆಯ ಬಾಗಿಲಿಗೆ ಒಂದು ಕ್ಯಾಲೆಂಡರ್ ತೂಗುಹಾಕಿ ಬೆದೆ ಬಂದ ದಿನ, ವೀರ್ಯ ಹಾಕಿಸಿದ ದಿನ, ವೀರ್ಯದ ಕಡ್ಡಿಯ ಮೇಲಿರುವ ಹೋರಿಯ ಸಂಖ್ಯೆ ಇವನ್ನು ಬರೆಯಲು ಖರ್ಚೇನೂ ಇಲ್ಲ. ಶಾಲೆಗೆ ಹೋಗುವ ಮಗುವಿಗೆ ಈ ಕೆಲಸ ಒಪ್ಪಿಸಿದರೆ ದೊಡ್ಡವರಿಗಿಂತ ಚೆನ್ನಾಗಿಯೇ ಮಾಡುತ್ತದೆ.

ಭ್ರೂಣ ಸೊರಗುವುದೇಕೆ? ವೀರ್ಯ ಹಾಕಿಸುವ ಹೊತ್ತು ಮೀರಿದರೆ ಅಂಡ ಹಳತಾಗಿರುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಎಂಬ ನಿಯಮ ಅದಕ್ಕಾಗಿಯೇ. ಕರು ಹಾಕಿದ ಮೇಲೆ ಗರ್ಭಕೋಶದಲ್ಲಿ ಉಳಿದ ಸೋಂಕು ಇನ್ನೊಂದು ಕಾರಣ. ಬೆದೆಯ ಲೋಳೆ ಗಾಜಿನಂತೆ ತಿಳಿಯಾಗಿರಬೇಕು. ಅದರಲ್ಲಿ ಕೀವಿನ ಎಳೆ ಕಂಡರೆ ಆ ಸಲ ವೀರ್ಯ ಹಾಕಿಸದೆ ಚಿಕಿತ್ಸೆ ಮಾಡಿಸಬೇಕು. ಬರೀ ಹುಲ್ಲು ತಿಂದು ಸೊರಗಿದ ಹಸುವಿನಲ್ಲಿ ಹಳದಿ ಗಂಟು ಬಲವಾಗಿರುವುದಿಲ್ಲ. ಹಿಂಡಿಯ ಜೊತೆಗೆ ಖನಿಜ ಮಿಶ್ರಣ ತಪ್ಪಬಾರದು. ಇನ್ನು ಮಾರ್ಚಿಯಿಂದ ಮೇ ತನಕದ ಬಿಸಿಲು. ಮೊದಲ ಕೆಲವು ದಿನಗಳ ಭ್ರೂಣಕ್ಕೆ ತಾಯಿಯ ಮೈಕಾವು ಏರುವುದು ಬಹಳ ಕೆಟ್ಟದ್ದು. ತಗಡಿನ ಮಾಡಿನ ಕೆಳಗೆ ಕಟ್ಟಿದ ಹೋಲ್‌ಸ್ಟೀನ್ ಹಸು ಮಧ್ಯಾಹ್ನ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ಹಾಕಿಸಿದ ಇಂಜೆಕ್ಷನ್ ದಂಡವಾಗುತ್ತಿದೆ ಎಂದೇ ತಿಳಿಯಿರಿ. ಕನಿಷ್ಠ ಆ ಒಂದು ವಾರವಾದರೂ ಹೊಂಗೆಯ ನೆರಳು, ಬೇಕೆಂದಷ್ಟು ನೀರು ಕೊಡಬೇಕು.

ಗಬ್ಬದ ಹಸು ಬೆದೆ ತೋರಿಸಿದರೆ

ಪ್ರೊಜೆಸ್ಟರಾನ್ ಇರುವಷ್ಟು ಕಾಲ ಗರ್ಭಕೋಶದ ಕಾವಲು ಸಡಿಲವಾಗಿರುತ್ತದೆ. ಕರುವನ್ನು ಉಳಿಸಿಕೊಳ್ಳಲು ಅದು ಬೇಕಾದ ಏರ್ಪಾಡೇ. ಬೆದೆಯ ಹೊತ್ತಿನಲ್ಲಿ ಒಳಹೋದ ಕೊಳೆಯನ್ನು ತಾನೇ ತೊಳೆದು ಹೊರಹಾಕುವ ಗರ್ಭಕೋಶ, ಗಬ್ಬದ ಹೊತ್ತಿನಲ್ಲಿ ಅಷ್ಟು ಚುರುಕಾಗಿರುವುದಿಲ್ಲ. ಗಬ್ಬ ನಿಂತ ಹಸುಗಳಲ್ಲೂ ನೂರಕ್ಕೆ ಕೆಲವು ನಡುವೆ ಬೆದೆಯ ಲಕ್ಷಣ ತೋರಿಸುತ್ತವೆ. ಅದನ್ನು ಕಂಡು ಅವಸರದಿಂದ ಮತ್ತೆ ವೀರ್ಯ ಹಾಕಿಸಿದರೆ, ಕೊಳವೆ ಗರ್ಭಕೋಶದ ಬಾಯಿ ದಾಟಿ ಸೋಂಕನ್ನು ಒಳಗೆ ಒಯ್ದು, ನಿಂತ ಗಬ್ಬವೇ ಹೋಗಬಹುದು. ಹಿಂದೆ ಹಾಕಿಸಿ ಒಂದೂವರೆ ಎರಡು ತಿಂಗಳು ದಾಟಿದ್ದರೆ ಮೊದಲು ಪರೀಕ್ಷೆ, ಆಮೇಲೆ ಮುಂದಿನ ಮಾತು.

ಬೆದೆಗೆ ತರಿಸಲು ಕೊಡುವ ಪ್ರೋಸ್ಟಾಗ್ಲಾಂಡಿನ್ ಇಂಜೆಕ್ಷನ್ನಿಗೂ ಇದೇ ಎಚ್ಚರಿಕೆ ಬೇಕು. ಅದು ಹಳದಿ ಗಂಟನ್ನು ಕರಗಿಸುವ ಔಷಧಿಯೇ ಆದ್ದರಿಂದ ಎಳೆಗಬ್ಬದ ಹಸುವಿಗೆ ಕೊಟ್ಟರೆ ಕಂದು ಬೀಳುತ್ತದೆ. ತುಂಬುಗಬ್ಬದಲ್ಲಿ ಕೆಲವು ಸ್ಟೀರಾಯ್ಡ್ ಇಂಜೆಕ್ಷನ್‌ಗಳೂ ಹೊತ್ತಿಗೆ ಮುಂಚೆ ಕರು ಹಾಕಿಸುತ್ತವೆ. ಯಾವ ಕಾಯಿಲೆಗೇ ಆಗಲಿ ಚಿಕಿತ್ಸೆ ಮಾಡಿಸುವಾಗ ‘ಇದು ಇಷ್ಟು ತಿಂಗಳ ಗಬ್ಬ’ ಎಂದು ವೈದ್ಯರಿಗೆ ಮೊದಲೇ ಹೇಳಿಬಿಡಿ.

ಸಡಿಲವಾದ ಈ ಕಾವಲಿನ ಲಾಭ ಪಡೆಯುವ ರೋಗಾಣುಗಳಲ್ಲಿ ಕಂದು ಹಾಕುವ ರೋಗದ ಬ್ರುಸೆಲ್ಲಾ ಮುಖ್ಯವಾದದ್ದು. ದನದ ಮಾಸಿನಲ್ಲಿರುವ ಒಂದು ಬಗೆಯ ಸಕ್ಕರೆ ಅದಕ್ಕೆ ಬಹಳ ಇಷ್ಟ. ಅಲ್ಲಿ ಹುಲುಸಾಗಿ ಬೆಳೆದು ಐದು ತಿಂಗಳ ಮೇಲೆ ಕಂದು ಹಾಕಿಸುತ್ತದೆ. ಕಂದಿನಲ್ಲಿ, ಕಸದಲ್ಲಿ, ಸುರಿಯುವ ನೀರಿನಲ್ಲಿ ರೋಗಾಣು ಲೆಕ್ಕವಿಲ್ಲದಷ್ಟಿರುತ್ತದೆ. ಮನುಷ್ಯರಿಗೂ ಅಂಟಿ, ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ತರುತ್ತದೆ. ಆದ್ದರಿಂದ ಬರಿಗೈಯಲ್ಲಿ ಮುಟ್ಟಬೇಡಿ, ನಾಯಿ ಎಳೆಯಲು ಬಿಡಬೇಡಿ. ಸುಣ್ಣ ಹಾಕಿ ಆಳವಾಗಿ ಹೂಳಿ, ಪಶುವೈದ್ಯರಿಂದ ರಕ್ತಪರೀಕ್ಷೆ ಮಾಡಿಸಿ, ಹಾಲನ್ನು ಕುದಿಸಿಯೇ ಕುಡಿಯಿರಿ. 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಜೀವಮಾನದಲ್ಲಿ ಒಂದೇ ಸಲ ಹಾಕುವ ಲಸಿಕೆಯಿದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಇದೂ ಸೇರಿದೆ. ಇದು ಜೀವಂತ ಲಸಿಕೆಯಾದ್ದರಿಂದ ಗಬ್ಬದ ಹಸುವಿಗೂ ಹೋರಿಗೂ ಹಾಕುವಂತಿಲ್ಲ. ಚುಂಚನಕಟ್ಟೆಯ ಜಾತ್ರೆಗೆ ಹೋಗುವವರು ಎತ್ತಿನ ಹಲ್ಲು, ಸುಳಿ ನೋಡುವುದರಲ್ಲಿ ನಿಸ್ಸೀಮರು. ಹಸು ಕೊಳ್ಳುವಾಗಲೂ ಅಷ್ಟೇ ಶ್ರದ್ಧೆಯಿಂದ ‘ಹಿಂದೆ ಕಂದು ಹಾಕಿದ್ದುಂಟೇ?’ ಎಂದು ವಿಚಾರಿಸಿ, ಸಾಧ್ಯವಾದರೆ ರಕ್ತಪರೀಕ್ಷೆಯನ್ನೂ ಮಾಡಿಸಿ.

ಕಸ ಬೀಳುವ ಹೊತ್ತು

ಒಂಬತ್ತು ತಿಂಗಳು ಹತ್ತಿಕ್ಕಿದ್ದ ಗುರುತು ಕೊನೆಗೆ ಬಯಲಾಗಲೇಬೇಕು. ಗರ್ಭದ ಕೊನೆಯ ತಿಂಗಳುಗಳಲ್ಲಿ ಮಾಸಿನ ಕೆಲವು ಭಾಗಗಳು ಮುಚ್ಚಿಟ್ಟಿದ್ದ ಗುರುತುಗಳನ್ನು ತೋರಿಸತೊಡಗುತ್ತವೆ. ತಾಯಿಯ ಬಿಳಿ ಕಣಗಳು ಈಗ ಇದು ಪರಕೀಯವೆಂದು ಕಂಡುಕೊಂಡು ಅತ್ತ ಹರಿಯುತ್ತವೆ. ಮಾಸು ತಾಯಿಯ ಗಂಟುಗಳಿಂದ ಬಿಡಿಸಿಕೊಳ್ಳಲು ಇದೂ ನೆರವಾಗುತ್ತದೆ. ಅಂದರೆ ಎರಡನೆಯ ವಾರದಲ್ಲಿ ಆಗಬಾರದಿದ್ದ ಕೆಲಸವೇ ಒಂಬತ್ತನೆಯ ತಿಂಗಳಲ್ಲಿ ಆಗಬೇಕಾದ ಕೆಲಸ. ನೆದರ್ಲೆಂಡಿನಲ್ಲಿ 1990ರ ಸುಮಾರಿಗೆ ನಡೆದ ಅಧ್ಯಯನದಲ್ಲಿ, ಕರುವಿನ ಗುರುತುಗಳು ತಾಯಿಯ ಗುರುತುಗಳಿಗೆ ಹೊಂದಿಕೊಂಡಿದ್ದ ಹಸುಗಳಲ್ಲಿ ಕಸ ಬೀಳದೆ ಉಳಿಯುವುದು ಹೆಚ್ಚೆಂದು ಕಂಡುಬಂದಿತು. ತೀರ ತನ್ನಂತೆಯೇ ಇದ್ದದ್ದನ್ನು ತಾಯಿ ಹೊರಗಿನದೆಂದು ಗುರುತಿಸಲಿಲ್ಲ. ಹೋರಿಯ ಸಂಖ್ಯೆ ಬರೆದಿಡಿ ಎಂದು ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ. ತಂದೆ ಹೋರಿಯ ವೀರ್ಯವನ್ನೇ ಮಗಳು ಮಣಕಕ್ಕೂ ಹಾಕಿಸುವ ತಪ್ಪು ಆಗ ತಪ್ಪುತ್ತದೆ.

ಕಸ ನಿಲ್ಲಲು ಬೇರೆ ಕಾರಣಗಳೂ ಇವೆ. ಅವಳಿ, ಹೊತ್ತಿಗೆ ಮುಂಚೆ ಕರು ಹಾಕುವುದು, ಕಂದು, ಹಾಲುಜ್ವರ, ಖನಿಜಾಂಶಗಳ ಕೊರತೆ ಇವುಗಳಲ್ಲಿ ಮುಖ್ಯ. ಸಾಮಾನ್ಯವಾಗಿ 12 ಗಂಟೆಯೊಳಗೆ ಬೀಳಬೇಕಾದ ಕಸ 24 ಗಂಟೆಯಾದರೂ ಬೀಳದಿದ್ದರೆ ಪಶುವೈದ್ಯರನ್ನು ಕರೆಯಿರಿ. ಹಸುವಿಗೆ ಜ್ವರ ಬಂದರೆ, ಮೇವು ಬಿಟ್ಟರೆ ಕಾಯಲೇಬೇಡಿ. ನೇತಾಡುವ ಕಸಕ್ಕೆ ಕಲ್ಲನ್ನೋ ಹಳೆಯ ಚಪ್ಪಲಿಯನ್ನೋ ಕಟ್ಟುವುದು, ಕೈಯಿಂದ ಎಳೆಯುವುದು ಎರಡೂ ಅಪಾಯ. ಗಂಟುಗಳು ಹರಿದು ರಕ್ತ ಸೋರಿ, ನಂಜೇರಿ, ಮುಂದಿನ ಗಬ್ಬಕ್ಕೂ ಕುತ್ತು ಬರುತ್ತದೆ. ನೆಲಕ್ಕೆ ತಾಗಿ ಕೊಳೆಯಾಗುವಷ್ಟು ಉದ್ದವಿದ್ದರೆ ಆ ತುದಿಯನ್ನಷ್ಟೇ ಕತ್ತರಿಸಬಹುದು.

ಕೊನೆಗೆ ಕರುವಿನ ಮಾತು. ತಾಯಿಯ ರಕ್ತಕ್ಕೂ ಕರುವಿನ ರಕ್ತಕ್ಕೂ ನಡುವೆ ಇರುವ ಪೊರೆಗಳು ಹಸುವಿನಲ್ಲಿ ಎಷ್ಟು ಬಿಗಿಯೆಂದರೆ, ತಾಯಿಯ ರೋಗನಿರೋಧಕ ವಸ್ತುಗಳೂ ಕರುವಿಗೆ ದಾಟುವುದಿಲ್ಲ. ಮನುಷ್ಯರ ಮಗು ಅವನ್ನು ಹೊಟ್ಟೆಯಲ್ಲಿಯೇ ಪಡೆದು ಹುಟ್ಟುತ್ತದೆ. ಕರು ಬರಿಗೈಯಲ್ಲಿ ಹುಟ್ಟುತ್ತದೆ. ಅವೆಲ್ಲ ಗಿಣ್ಣು ಹಾಲಿನಲ್ಲಿ ಕಾದಿರುತ್ತವೆ. ಕರುವಿನ ಕರುಳು ಅವನ್ನು ಇದ್ದಂತೆಯೇ ರಕ್ತಕ್ಕೆ ಹೀರಿಕೊಳ್ಳುವುದು ಮೊದಲ ಒಂದು ದಿನ ಮಾತ್ರ. ಅದರಲ್ಲೂ ಗಂಟೆ ಕಳೆದಂತೆ ಆ ಬಾಗಿಲು ಮುಚ್ಚುತ್ತ ಬರುತ್ತದೆ. ‘ಕಸ ಬೀಳುವ ತನಕ ಕರುವಿಗೆ ಕುಡಿಸಬಾರದು’ ಎಂಬ ನಂಬಿಕೆ ಹಲವು ಮನೆಗಳಲ್ಲಿ ಇನ್ನೂ ಇದೆ. ಕಸಕ್ಕಾಗಿ ಎಂಟು ಹತ್ತು ಗಂಟೆ ಕಾದರೆ ಕರುವಿಗೆ ಸಿಗಬೇಕಾದ್ದರಲ್ಲಿ ಬಹುಭಾಗ ಹೋಯಿತು. ಹಾಗೆ ನೋಡಿದರೆ ಕರು ಕೆಚ್ಚಲಿಗೆ ಬಾಯಿ ಹಾಕಿದಾಗ ತಾಯಿಯ ಮೈಯಲ್ಲಿ ಹುಟ್ಟುವ ಹಾರ್ಮೋನು ಗರ್ಭಕೋಶವನ್ನು ಕುಗ್ಗಿಸಿ ಕಸ ಬೀಳುವುದಕ್ಕೇ ಸಹಾಯ ಮಾಡುತ್ತದೆ. 30 ಕಿಲೋ ತೂಗುವ ಕರುವಿಗೆ ಮೊದಲ ದಿನ 3 ಲೀಟರ್ ಗಿಣ್ಣು ಹಾಲು ಬೇಕು. ಅದರಲ್ಲಿ ಅರ್ಧವನ್ನು ಹುಟ್ಟಿದ ಎರಡು ಗಂಟೆಯೊಳಗೆ, ಕೆಚ್ಚಲನ್ನು ಬೆಚ್ಚನೆಯ ನೀರಿನಲ್ಲಿ ತೊಳೆದು ಕುಡಿಸಿ. ನೆರೆಮನೆಗೆ ಹಂಚುವ ಗಿಣ್ಣನ್ನು ಮಾರನೆಯ ದಿನದ ಹಾಲಿನಲ್ಲಿ ಮಾಡಿಕೊಳ್ಳಬಹುದು.